ಶಂಕ್ರಪ್ಪ ಮಾವ ಅಳಿಸದ ಗೆರೆ

ಎಷ್ಟು ದೂರ ಎಂದು ಕೇಳಿದರೆ ನನ್ನ ಸೋದರಮಾವ ಶಂಕ್ರಪ್ಪ ಹೆಜ್ಜೆಯ ಲೆಕ್ಕದಲ್ಲೇ ಉತ್ತರ ಕೊಡುತ್ತಿದ್ದರು. ಗದಗಿನ ಕಡೆ ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಹೊಲ ಅಳೆದು ನಿವೃತ್ತರಾದವರು. ಮೂರು ತಿಂಗಳಿದ್ದು ಹೋಗುತ್ತೇನೆಂದು ಡಚ್ಚರ ದೇಶದಲ್ಲಿ, ವೆಲ್ಡ್‌ಹೋವನ್‌ನ ನಮ್ಮ ಮನೆಗೆ ಬಂದರು. ಅವರ ಹಿಂದೆಯೇ ಕೊರೋನಾ ಬಂತು, ವಿಮಾನಗಳು ನಿಂತವು. ಅಂಗಡಿಯಲ್ಲಿ ಜನ ದೂರ ದೂರ ನಿಲ್ಲಲೆಂದು ನೆಲಕ್ಕೆ ಅಂಟಿಸಿದ್ದ ಪಟ್ಟಿಗಳನ್ನು ಮಾವ ಮೊದಲ ದಿನವೇ ಅಳೆದು, ಒಂದೂವರೆ ಮೀಟರಿಗೆ ನಾಲ್ಕು ಬೆರಳು ಕಡಿಮೆ ಇದೆ ಎಂದು ತಕರಾರು ತೆಗೆದರು. ಅದನ್ನು ಡಚ್ಚಿನಲ್ಲಿ ಮ್ಯಾನೇಜರಿಗೆ ಹೇಳುವ ಕರ್ಮ ನನ್ನದು. ಅವನು ನಕ್ಕ, ಮಾವ ನಗಲಿಲ್ಲ. ಮರುದಿನ ಹೋದಾಗ ಪಟ್ಟಿಗಳು ಸರಿದಿದ್ದವು.

ಪಕ್ಕದ ಮನೆಯ ರೀತ್‌ಗೆ ಆಗ ಎಂಬತ್ತನಾಲ್ಕು ವರ್ಷ. ಮಾವ ಒಂದೇ ವಾರದಲ್ಲಿ ಅವರನ್ನು ರೀತಕ್ಕ ಮಾಡಿಕೊಂಡರು. ಬೇಲಿಯ ಆಚೆ ಆಕೆ, ಈಚೆ ಮಾವ, ನಡುವೆ ಆಫೀಸಿನ ಮೀಟಿಂಗು ತಪ್ಪಿಸಿಕೊಂಡು ಬಂದ ದುಭಾಷಿ ನಾನು. ರೀತಕ್ಕ ಹುಟ್ಟಿದ್ದು ಸ್ಖೆಲ್ಡೆ ನದಿ ಸಮುದ್ರ ಸೇರುವಲ್ಲಿನ ಒಂದು ಊರಿನಲ್ಲಿ. 1944ರ ಸೆಪ್ಟೆಂಬರಿನಲ್ಲಿ ಜರ್ಮನರ ಹದಿನೈದನೇ ಸೇನೆ, ಹಿಂದೆ ಶತ್ರು, ಮುಂದೆ ನೀರು ಎಂಬ ಸ್ಥಿತಿಗೆ ಸಿಕ್ಕಿ, ಆ ದಂಡೆಯಿಂದಲೇ ದೋಣಿಗಳಲ್ಲಿ ದಾಟಿ ತಪ್ಪಿಸಿಕೊಂಡಿತ್ತು. ಯಾವ ತುಕಡಿ ಯಾರ ಕೊಟ್ಟಿಗೆಯಲ್ಲಿ ಮಲಗಿತು, ಯಾರ ಕುದುರೆ ಹೊಡೆದುಕೊಂಡು ಹೋಯಿತು, ಯಾರ ಸೈಕಲ್ಲು ಕಸಿದುಕೊಂಡಿತು ಎಂದು ಆಕೆ ಊರವರನ್ನು ಕೇಳಿ ಕೇಳಿ ಬರೆದ ನೋಟುಬುಕ್ಕುಗಳು ಒಂದು ಪೆಟ್ಟಿಗೆ ತುಂಬ ಇದ್ದವು. ಹುಟ್ಟೂರಿನ ಇತಿಹಾಸ ಸಂಘದವರು ಅವನ್ನೆಲ್ಲ ಪುಸ್ತಕ ಮಾಡಲಿದ್ದರು. ಅದಕ್ಕೊಂದು ನಕಾಶೆ ಬೇಕಿತ್ತು.

ನಕಾಶೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮ ಊಟದ ಮೇಜು ಸರ್ವೆ ಕಚೇರಿಯಾಯಿತು. ನನ್ನ ಲ್ಯಾಪ್‌ಟಾಪು ಇಸ್ತ್ರಿ ಮೇಜಿಗೆ ವರ್ಗವಾಯಿತು. ಊರಲ್ಲಿ ಹೊಲದ ಗಡಿ-ಹದ್ದು ಗುರುತಿಸುವಾಗ ಆಜುಬಾಜಿನವರನ್ನು ಕರೆಸಿ ಕೇಳದೆ ಬಾಂದುಕಲ್ಲು ಹಾಕುವ ಹಾಗಿಲ್ಲ. ಜರ್ಮನ್ ಸೇನೆಗೂ ಮಾವ ಅದೇ ಕಾನೂನು ಹಚ್ಚಿದರು. ಒಬ್ಬರು ಹೇಳಿದ್ದನ್ನು ಪೆನ್ಸಿಲಿನಲ್ಲಿ ಬರೆಯುವುದು. ನೆರೆಯವರ ಬಾಯಲ್ಲೂ ಅದೇ ಬಂದರೆ ಮಾತ್ರ ಮಸಿ. ಎಷ್ಟೋ ಕುದುರೆಗಳು ಕೊನೆಯವರೆಗೂ ಪೆನ್ಸಿಲಿನಲ್ಲೇ ಉಳಿದವು.

ನದಿಯ ಭಾಗ ಬಂದ ದಿನ ರೀತಕ್ಕ ಹೇಳಿದರು: "ಆ ದೋಣಿಗಳಲ್ಲಿ ಒಂದು ನಮ್ಮಪ್ಪನದು. ಬಂದೂಕು ತೋರಿಸಿ ಹೊರಡಿಸಿದರೋ, ತಾನಾಗಿ ಹೋದನೋ ನನಗೆ ಗೊತ್ತಿಲ್ಲ. ಸಾಯುವವರೆಗೂ ಅವನು ಬಾಯಿ ಬಿಡಲಿಲ್ಲ. ಚುಕ್ಕಾಣಿ ಹಿಡಿದದ್ದಂತೂ ಅವನೇ."

ದಾಟಿದ ಆ ಸೇನೆ ಆಚೆ ದಂಡೆಗೆ ಹೋಗಿ ಮತ್ತೆ ತಿಂಗಳುಗಟ್ಟಲೆ ಕಾದಾಡಿತ್ತು. ಎಷ್ಟೋ ಜನ ಸತ್ತಿದ್ದರು. ತಾನು ಕಣ್ಣು ಮುಚ್ಚುವುದರೊಳಗೆ ಅಪ್ಪನ ದೋಣಿ ನಕಾಶೆಯ ಮೇಲೆ ಬರಬೇಕು ಎಂಬುದೊಂದೇ ಆಕೆಯ ಆಸೆ. ಮಾವ ಅಲ್ಲೂ ಎರಡನೇ ಸಾಕ್ಷಿ ಕೇಳಿದರು. ಅಪ್ಪನ ನೆರೆಮನೆಯವನ ಹೇಳಿಕೆ ನೋಟುಬುಕ್ಕಿನಲ್ಲಿ ಸಿಕ್ಕಿತು. ನದಿಯ ಮೇಲೆ ಮಸಿಯಲ್ಲಿ ಒಂದು ಚುಕ್ಕಿಗೆರೆ ಎಳೆದು, ಪಕ್ಕದಲ್ಲಿ ಅಪ್ಪನ ಹೆಸರು ಬರೆದರು.

ಮೇ ತಿಂಗಳಲ್ಲಿ ಸಂಘದ ಸಂಪಾದಕರು ಬಂದು ರೀತಕ್ಕನ ತೋಟದಲ್ಲಿ ದೂರ ಕುರ್ಚಿ ಹಾಕಿಕೊಂಡು ಕುಳಿತರು. ನಕಾಶೆಯನ್ನು ಮನಸಾರೆ ಹೊಗಳಿ, ಆ ಒಂದು ಗೆರೆ ಮತ್ತು ಹೆಸರು ಬೇಡ ಎಂದರು. ಸತ್ತವರ ಮನೆಯವರು ಊರಲ್ಲಿ ಇನ್ನೂ ಇದ್ದಾರೆ, ನಿಮಗೂ ಮುಜುಗರ, ಸೈನ್ಯ ನದಿ ದಾಟಿತು ಎಂದರೆ ಸಾಕಲ್ಲ ಎಂದು ಮೆತ್ತಗೆ ಹೇಳಿದರು. ಕೆಟ್ಟ ಮನುಷ್ಯರೇನಲ್ಲ. ರೀತಕ್ಕನ ತಲೆ ತಗ್ಗಿತು. ಇನ್ನೇನು ಒಪ್ಪಿಬಿಡುತ್ತಿದ್ದರು. ಏನಂದರು ಎಂದು ಮಾವ ಕೇಳಿದಾಗ ಹೇಳಿದೆ.

"ನಾನು ಹೇಳೂದು ಒಂದಕ್ಷರ ಬಿಡದಂಗ ಹೇಳವ್ವಾ," ಅಂದರು ಮಾವ. "ಒಮ್ಮೆ ಸಾಹೇಬ್ರು ಹೇಳಿದ್ರು ಅಂತ ಒಂದು ಬಂಡಿದಾರಿ ಬಿಟ್ಟು ನಕಾಶೆ ಮಾಡಿದ್ದೆ. ನೆಲದ ಮ್ಯಾಲ ದಾರಿ ಐತಿ, ಕಾಗದದ ಮ್ಯಾಲ ಇಲ್ಲ. ಆ ದಾರಿ ಹಿಡಿದು ಹೋಗೋ ಹಿಂದಿನ ಹೊಲದವರು ಇಪ್ಪತ್ತು ವರ್ಷ ಕೋರ್ಟು ಅಲೆದ್ರು. ಅದು ನನ್ನ ಪಾಪ. ಇನ್ನೊಂದು ಸಲ ಮಾಡಂಗಿಲ್ಲ. ಈ ಗೆರಿ ಹೋದ್ರ ನನ್ನ ಸಹಿನೂ ಹೋಗತೈತಿ. ಸಹಿ ಇಲ್ಲದ ನಕಾಶೆ ಪುಸ್ತಕದಾಗ ಯಾಕ ಹಾಕ್ತೀರಿ?"

ಬಂಡಿದಾರಿಯ ಸಂಗತಿ ನಾನು ಕೇಳಿದ್ದು ಅದೇ ಮೊದಲು. ಒಂದಕ್ಷರ ಬಿಡದೆ ಡಚ್ಚಿನಲ್ಲಿ ಹೇಳಿದೆ. ರೀತಕ್ಕ ತಲೆಯೆತ್ತಿ, ಗೆರೆ ಇರುತ್ತದೆ ಎಂದಷ್ಟೇ ಹೇಳಿದರು. ಸಂಪಾದಕರು ಬರಿಗೈಯಲ್ಲಿ ಹೋದರು. ಪುಸ್ತಕ ನಕಾಶೆಯಿಲ್ಲದೆಯೇ ಬಂತು.

ಮಕ್ಕಳು ಓಡಾಡುತ್ತ ಎಣಿಸಲೆಂದು ಬೀದಿಯ ಕಿಟಕಿಗಳಲ್ಲೆಲ್ಲ ಗೊಂಬೆ ಕರಡಿಗಳನ್ನು ಕೂರಿಸಿದ್ದ ಕಾಲವದು. ರೀತಕ್ಕನ ಕಿಟಕಿಯಲ್ಲಿ ಮಾವ ನಕಾಶೆ ಅಂಟಿಸಿದರು. ವಾಕಿಂಗ್ ಬಿಟ್ಟರೆ ಜನರಿಗೆ ಬೇರೆ ಕೆಲಸವಿರಲಿಲ್ಲ. ನಿಂತು ಓದಿದರು, ಕೆಲವರು ಮತ್ತೆ ಬಂದು ಓದಿದರು. ಒಬ್ಬಾತ ಹೆಸರಿನ ಮೇಲೆ ಬೆರಳಿಟ್ಟು ಏನೋ ಗೊಣಗಿದ. ರೀತಕ್ಕ ಬಾಗಿಲು ತೆರೆದು, ಅವನು ನನ್ನಪ್ಪ, ಏನು ಕೇಳುವುದಿದ್ದರೂ ನನ್ನನ್ನು ಕೇಳಿ ಎಂದರು. ಆತ ಬೆರಳು ತೆಗೆದು ಮುಂದೆ ನಡೆದ.

ಜುಲೈಯಲ್ಲಿ ವಿಶೇಷ ವಿಮಾನದಲ್ಲಿ ಮಾವನಿಗೆ ಸೀಟು ಸಿಕ್ಕಿತು. ಮುಂದಿನ ವರ್ಷದ ಎರಡನೇ ಅಲೆಯಲ್ಲಿ ಗದಗಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ನನಗೆ ಹೋಗಲಾಗಲಿಲ್ಲ. ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದೆ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ರೀತಕ್ಕನಿಗೆ ಅವರ ಬಾಗಿಲಲ್ಲೇ ನಿಂತು ಹೇಳಿದೆ. ಆಕೆ ಅಳಲಿಲ್ಲ. ಒಳಗೆ ಹೋಗಿ ಕಿಟಕಿಯಿಂದ ನಕಾಶೆ ಬಿಡಿಸಿಕೊಂಡು ಮೇಜಿನ ಮೇಲೆ ಹರಡಿದರು. ವರ್ಷದ ಬಿಸಿಲಿಗೆ ಮಸಿಯೆಲ್ಲ ಮಾಸಿತ್ತು. ಪೆನ್ನು ತೆಗೆದು, ಆ ಚುಕ್ಕಿಗೆರೆಯನ್ನು ಒಂದೊಂದೇ ಚುಕ್ಕಿಯಾಗಿ ತಿದ್ದಿದರು. ಅಪ್ಪನ ಹೆಸರನ್ನು ತಿದ್ದಿದರು. ಮತ್ತೆ ಗಾಜಿಗೆ ಅಂಟಿಸಿ, ಬೀದಿಗೆ ಹೋಗಿ ನೋಡು ಎಂದು ನನ್ನನ್ನು ಕಳಿಸಿದರು.

ಬೀದಿಯಿಂದ ನದಿ ಕಾಣಲಿಲ್ಲ, ಊರು ಕಾಣಲಿಲ್ಲ, ಸೇನೆಯೂ ಕಾಣಲಿಲ್ಲ; ತಿದ್ದಿದ ಆ ಗೆರೆ, ಆ ಹೆಸರು ಮಾತ್ರ ಕಂಡವು.

"ಓದಲು ಬರುತ್ತದೆಯೇ?" ರೀತಕ್ಕ ಬಾಗಿಲಿಂದ ಕೇಳಿದರು.

"ಬರುತ್ತದೆ," ಅಂದೆ.