ಬ್ರಿಟಿಷರ ಕಾಲದ ಬಾಗಿಲು

“ಸಾರ್, ಒದೀಬೇಡಿ! ಅದು ಬ್ರಿಟಿಷರ ಕಾಲದ ಬಾಗಿಲು!”

ಹೋಟೆಲ್ ಮ್ಯಾನೇಜರ್ ಹೀಗೆ ಕೂಗಿದಾಗ ನನ್ನ ಒಂಬತ್ತು ವರ್ಷದ ಮಗಳು ಇಂಚರ ಅದೇ ಬಾಗಿಲಿನ ಆಚೆ ಬಿದ್ದಿದ್ದಳು. ಕರೆದರೆ ಉತ್ತರವಿರಲಿಲ್ಲ.

ಕಳೆದ ಭಾನುವಾರದ ಮಾತು. ನಮ್ಮದು ಕುಶಾಲನಗರ. ಮಡಿಕೇರಿ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಆಫೀಸು, ಮದುವೆ, ಆಸ್ಪತ್ರೆ ಎಂದು ನೂರು ಸಲ ಹೋಗಿಬಂದಿದ್ದೇವೆ. ಟೂರಿಸ್ಟರ ಹಾಗೆ ಒಂದು ದಿನವೂ ಉಳಿದಿಲ್ಲ. (ಪಕ್ಕದ ಊರನ್ನು ಯಾರು ನೋಡುತ್ತಾರೆ ಹೇಳಿ?) ಈ ಸಲ ಮಗಳು ಹಟ ಹಿಡಿದಳು. ಕೋಟೆ, ರಾಜಾಸೀಟು, ಅಬ್ಬಿ ಜಲಪಾತ ಎಲ್ಲ ನೋಡಬೇಕು, ಪೇಟೆ ಮಧ್ಯದ ಹಳೇ ಹೋಟೆಲಿನಲ್ಲೇ ಉಳಿಯಬೇಕು. ಕೆಂಪು ಹೆಂಚು, ಮರದ ಮೆಟ್ಟಿಲು, ಉದ್ದನೆಯ ವರಾಂಡ. ನೂರು ವರ್ಷ ದಾಟಿದೆಯಂತೆ. ಸರಿ, ರೂಮ್ ಬುಕ್ ಮಾಡಿದೆ.

ಶನಿವಾರ ಕೋಟೆ, ರಾಜಾಸೀಟು ಮುಗಿದವು. ಭಾನುವಾರ ಬೆಳಿಗ್ಗೆ ಅಬ್ಬಿಗೆ ಹೊರಡಬೇಕು. ಇಂಚರ ಸ್ನಾನಕ್ಕೆ ಹೋದಳು. ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್. ಇದ್ದದ್ದು ಒಂದೇ ಕಿಟಕಿ. ಚಳಿ ಎಂದು ಅದನ್ನೂ ನಾನೇ ಭದ್ರವಾಗಿ ಮುಚ್ಚಿದ್ದೆ. (ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನ ಇವತ್ತು ಬೆಳಿಗ್ಗೆ ಅದನ್ನೇ ಮಾಡಿದ್ದೀರಿ?)

“ಅಮ್ಮಾ, ತಲೆ ಸುತ್ತುತ್ತೆ” ಎಂದದ್ದು ಕೇಳಿಸಿತು. ಆಮೇಲೆ ಬಕೆಟ್ ಉರುಳಿದ ಸದ್ದು. ಆಮೇಲೆ ಬರೀ ನೀರು ಬೀಳುವ ಸದ್ದು.

ಹೆಂಡತಿ ಸುಧಾ ಬಾಗಿಲು ಬಡಿದಳು. ನಾನು ಹೆಗಲು ಕೊಟ್ಟು ತಳ್ಳಿದೆ. ಒಳಗಿನ ಚಿಲಕ ಜಗ್ಗಲಿಲ್ಲ. ಎರಡು ಸಲ ಒದ್ದೆ. ಆಗಲೇ ಮ್ಯಾನೇಜರ್ ಓಡಿಬಂದು ಕೂಗಿದ್ದು.

“ಓನರ್‌ನ ಒಂದು ಮಾತು ಕೇಳ್ತೀನಿ ಸಾರ್, ಒಂದೇ ನಿಮಿಷ. ಇಂಥಾ ತೇಗ ಈಗ ಸಿಗಲ್ಲ.” ಫೋನ್ ಕಿವಿಗಿಟ್ಟುಕೊಂಡರು. ರಿಂಗ್ ಆಗುತ್ತಲೇ ಇತ್ತು.

ನಾನೇನು ಮಾಡಿದೆ? ಎತ್ತಿದ ಕಾಲು ಇಳಿಸಿ ನಿಂತೆ. ಹೌದು, ನಿಂತೆ!

“ಏನ್ರೀ ನೋಡ್ತಾ ನಿಂತಿದ್ದೀರ!” ಸುಧಾ ಚೀರಿದಳು.

ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ರೂಮ್ ಕ್ಲೀನ್ ಮಾಡುವ ದೇವಕಿ. ದಿನಾ ಸುಂಟಿಕೊಪ್ಪದಿಂದ ಬಸ್ಸಿಗೆ ಬರುವ ಐವತ್ತರ ಹೆಂಗಸು. ಕೈಯಲ್ಲಿ ಸೌದೆ ಒಡೆಯುವ ಕೊಡಲಿ.

“ಸಾರ್, ಆ ಕಡೆ ನಿಂತ್ಕೊಳ್ಳಿ. ಬಾಗಿಲು ಇನ್ನೊಂದು ಮಾಡಿಸ್ಬೋದು.”

“ದೇವಕಿ, ನಿನ್ ಕೆಲ್ಸ ಹೋಗುತ್ತೆ ನೋಡು!” ಎಂದರು ಮ್ಯಾನೇಜರ್.

“ಹೋದ್ರೆ ಹೋಗ್ಲಿ. ನೀವು ಮೊದ್ಲು ಸಿಲಿಂಡರ್ ಆಫ್ ಮಾಡಿ.”

ನಾಲ್ಕನೇ ಏಟಿಗೆ ಹಲಗೆ ಸೀಳಿತು. ದೇವಕಿ ಕೈ ತೂರಿಸಿ ಚಿಲಕ ಎಳೆದರು. ಒಳಗೆಲ್ಲ ಹಬೆ. ಇಂಚರ ನೆಲದ ಮೇಲೆ ಮುದುಡಿ ಬಿದ್ದಿದ್ದಳು. ಟವೆಲ್ ಸುತ್ತಿ ಎತ್ತಿಕೊಂಡು ವರಾಂಡಕ್ಕೆ ಓಡಿದೆ. ಎದೆಗೆ ಕಿವಿಯಿಟ್ಟೆ. ಉಸಿರಿತ್ತು. ಆದರೆ ಕಣ್ಣು ಬಿಡಲಿಲ್ಲ.

ಆಸ್ಪತ್ರೆಗೆ ಕಾರು ಓಡಿಸಿದವರು ಅದೇ ಮ್ಯಾನೇಜರ್. (ಪಾಪ, ಕೆಟ್ಟವರಲ್ಲ. ದಾರಿಯುದ್ದಕ್ಕೂ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ.) ಆಕ್ಸಿಜನ್ ಕೊಟ್ಟರು. ನಾವಿಬ್ಬರೂ ಹೊರಗೆ ಬೆಂಚಿನಲ್ಲಿ ಕೂತೆವು. ಅರ್ಧ ಗಂಟೆಯ ನಂತರ ನರ್ಸ್ ಒಳಗೆ ಕರೆದರು.

“ಅಪ್ಪಾ, ಅಬ್ಬಿಗೆ ಹೋಗಲ್ವಾ?” ಎಂದಳು ಇಂಚರ. ಸುಧಾ ಸೆರಗಿನಿಂದ ಅವಳ ಒದ್ದೆ ತಲೆ ಒರೆಸತೊಡಗಿದಳು.

“ಗೀಸರ್‌ನ ವಿಷಗಾಳಿ. ವಾಸನೆ ಬರಲ್ಲ, ಗೊತ್ತೂ ಆಗಲ್ಲ. ಇನ್ನು ಸ್ವಲ್ಪ ಹೊತ್ತು ಒಳಗೇ ಇದ್ದಿದ್ರೆ ಕಷ್ಟ ಇತ್ತು” ಎಂದರು ಡಾಕ್ಟರು.

ಸಂಜೆ ಲಗೇಜ್ ತರಲು ಹೋದೆ. ಓನರ್ ಬಂದಿದ್ದರು. ಮಗು ಹೇಗಿದೆ ಎಂದು ಕೇಳಿದರು. ಮರುಕ್ಷಣವೇ, “ಅಲ್ಲ, ಬಾಗಿಲು ಒಡೆಯೋಕೆ ಹೇಳಿದ್ದು ಯಾರು?”

ದೇವಕಿ ಗೋಡೆಗೆ ಒರಗಿ, ಕೈಕಟ್ಟಿ ನಿಂತಿದ್ದರು. ಮ್ಯಾನೇಜರ್ ನೆಲ ನೋಡುತ್ತಿದ್ದರು.

“ನಾನೇ” ಎಂದೆ, ಜೋರಾಗಿಯೇ.

ಓನರ್ ಮತ್ತೇನೂ ಕೇಳಲಿಲ್ಲ. ದೇವಕಿಯ ಕೆಲಸ ಉಳಿಯಿತು. ವಿಷಯ ತಿಳಿದ ಸುಧಾ, “ಒಳ್ಳೇದು ಮಾಡಿದ್ರಿ” ಎಂದಳು. ಫ್ರೆಂಡ್ಸೆಲ್ಲ ಫೋನ್ ಮಾಡಿ ಬೆನ್ನು ತಟ್ಟಿದರು.

ಆದರೆ ನಾನು ಹೇಳಿದ್ದು ಸುಳ್ಳು. ಆ ಬೆಳಿಗ್ಗೆ ‘ಒಡೆಯಿರಿ’ ಎಂಬ ಮಾತು ನನ್ನ ಬಾಯಿಂದ ಬಂದೇ ಇರಲಿಲ್ಲ.

ಒಳಗಿದ್ದದ್ದು ನನ್ನ ಮಗಳು. ನಾನು ಯಾರ ಅಪ್ಪಣೆಗೆ ಕಾಯುತ್ತಿದ್ದೆ?