ಅವ್ವನಿಗೆ ಕಾರ್ಡು ತೋರಿಸಿದ ತಿಂಗಳುಗಳು

ಆಗೆಲ್ಲ ನಮ್ಮ ಶಾಲೆಯಲ್ಲಿ ಪುಸ್ತಕಕ್ಕಿಂತ ಕಾರ್ಡಿಗೇ ಮರ್ಯಾದೆ ಹೆಚ್ಚು. ಕೊಯಮತ್ತೂರಿನ ಹತ್ತಿರ, ಕಿಣತ್ತುಕಡವಿನ ದೊಡ್ಡ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಸರ್ಕಾರಿ ಶಾಲೆ, ನಾನು ನಾಲ್ಕನೇ ತರಗತಿ. ಗೋಡೆಯ ಪಕ್ಕ ತಟ್ಟೆಗಳಲ್ಲಿ ಚಿತ್ರದ ಕಾರ್ಡುಗಳನ್ನು ಜೋಡಿಸಿಟ್ಟಿರುತ್ತಿದ್ದರು. ಪ್ಲಾಸ್ಟಿಕ್ ಹಾಳೆ ಮೆತ್ತಿದ ಆ ಕಾರ್ಡುಗಳನ್ನು ಮೂಸಿದರೆ ಹೊಸ ಚಪ್ಪಲಿಯ ವಾಸನೆ. ಒಂದು ಕಾರ್ಡು ಮುಗಿಸಿದರೆ ಮುಂದಿನದು. ಮನೆಗೂ ಕೆಲಸ ಕೊಡುತ್ತಿದ್ದರು. ಗೇಣಲ್ಲಿ ಜಗಲಿ ಅಳೆದು ಬಾ, ಹುಣಸೆ ಬೀಜ ಗುಂಪು ಮಾಡು, ಬೇಲಿಯ ಎಲೆ ಕಿತ್ತು ಅಂಟಿಸು. ಆಟವೋ ಪಾಠವೋ ತಿಳಿಯದ ಆ ಕೆಲಸಗಳನ್ನು ನೀವೂ ಮಾಡಿರುತ್ತೀರಿ.

ಮನೆಯಲ್ಲಿ ನಮ್ಮದು ಕನ್ನಡ. ಎಷ್ಟು ತಲೆಮಾರಿನಿಂದ ಈ ಕಡೆ ಇದ್ದೇವೆ ಎಂದು ಅಪ್ಪನಿಗೂ ಗೊತ್ತಿರಲಿಲ್ಲ. ತಮಿಳು ಬೆರೆತ, ತಮಿಳಿನ ರಾಗ ಹತ್ತಿದ ಕನ್ನಡ. ಶಾಲೆಗೆ ಪಳ್ಳಿಕೂಡ, ಟೊಮೆಟೊಗೆ ತಕ್ಕಾಳಿ. ಕನ್ನಡಕ್ಕೆ ಅಕ್ಷರವೂ ಇದೆ ಎನ್ನುವುದು ನಮ್ಮಲ್ಲಿ ಯಾರ ತಲೆಗೂ ಬಂದಿರಲಿಲ್ಲ. ನಾನು ಬರೆಯಲು ಕಲಿತದ್ದು ಮದುವೆಯಾದ ಮೇಲೆ, ತಿರುಪ್ಪೂರಿನ ಬನಿಯನ್ ಕಂಪನಿಯ ಆಫೀಸಿನಲ್ಲಿ ಪಕ್ಕದ ಕುರ್ಚಿಗೆ ಬಂದ ಹಾಸನದ ಹುಡುಗಿಯಿಂದ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೊರಗಿನವರು ಕೇಳಿದರೆ ಮಾತ್ರ ನಾವು ತಮಿಳಿನವರು ಅನ್ನುತ್ತಿದ್ದೆವು. ಹೆದರಿಕೆಯೇನಲ್ಲ, ಅಭ್ಯಾಸ. "ಕನ್ನಡ ಅಂದ್ರೆ ಕರ್ನಾಟಕದಿಂದ ಯಾವಾಗ ಬಂದ್ರಿ ಅಂತಾರೆ. ಬರ್ಲೇ ಇಲ್ಲ, ಇಲ್ಲೇ ಇರೋದು ಅಂದ್ರೆ ನಂಬಲ್ಲ. ಅಷ್ಟುದ್ದ ಕಥೆ ಯಾರು ಹೇಳ್ತಾರೆ ಕಣ್ಣು" ಅನ್ನುತ್ತಿದ್ದ ಅಪ್ಪ. ಮಕ್ಕಳನ್ನು ಕಣ್ಣು ಅಂತ ಕರೆಯುವುದು ನಮ್ಮ ಕಡೆಯ ವಾಡಿಕೆ.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮವ್ವನಿಗೆ ಎರಡೂ ಚೆನ್ನಾಗಿ ಬರುತ್ತಿತ್ತು. ತಕ್ಕಾಳಿ ಮಾರ್ಕೆಟ್ಟಿನಲ್ಲಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಅವಳು ತಮಿಳಿನಲ್ಲಿ ಬಾಯಿ ತೆಗೆದರೆ ಮಂಡಿಯವರು ಆಚೆ ತಿರುಗಿ ನಿಲ್ಲುತ್ತಿದ್ದರು. ಮನೆಗೆ ಬಂದರೆ ಕನ್ನಡ. ಎಮ್ಮೆಗೆ, ಕೋಳಿಗೆ, ಒಲೆಗೆ, ನನಗೆ, ಎಲ್ಲರಿಗೂ ಒಂದೇ ಬೈಗುಳ. "ಲೇ ರಂಗಿ" ಎಂದು ಅವಳು ಹಿತ್ತಲಲ್ಲಿ ಕೂಗಿದರೆ ಮೂರನೇ ಹೊಲದಲ್ಲಿ ಐದು ಕಲ್ಲಿನ ಆಟ ಆಡುತ್ತಿದ್ದ ನಾನು ಕಲ್ಲು ಬಿಸಾಕಿ ಓಡಿ ಬರುತ್ತಿದ್ದೆ.

ತಕ್ಕಾಳಿ ಕೀಳುವ ಕಾಲ. ಒಂದು ಬೆಳಿಗ್ಗೆ ಹಾಲು ಕರೆದು ಎದ್ದವಳು ಕೊಟ್ಟಿಗೆಯ ಕಂಬ ಹಿಡಿದು ಹಾಗೇ ಕುಸಿದಳು. ಪಾತ್ರೆ ಉರುಳಿತು. ಹಾಲು ಸಗಣಿಯ ಕಡೆ ಹರಿಯುವುದನ್ನೇ ನಾನು ನೋಡುತ್ತ ನಿಂತಿದ್ದೆ. ಅವ್ವನ ಬಾಯಿ ಒಂದು ಕಡೆ ಸೊಟ್ಟಗಾಗಿದ್ದನ್ನು ಆಮೇಲೆ ನೋಡಿದೆ. ನನಗೆ ಏನೂ ಅನ್ನಿಸಲಿಲ್ಲ. ಅಪ್ಪನನ್ನು ಕರೆದೆ, ಅಷ್ಟೆ.

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಅಂದರು. ಜೀವಕ್ಕೆ ಅಪಾಯವಿಲ್ಲ, ಬಲಗೈ ಬಲಗಾಲು ನಿಧಾನಕ್ಕೆ ಸ್ವಲ್ಪ ಬರಬಹುದು, ಮಾತು ಹೋಗಿದೆ. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಅಪ್ಪನನ್ನು ಕೂರಿಸಿಕೊಂಡು ಕೇಳಿದರು, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಅಂತ. ಪಕ್ಕದಲ್ಲಿ ಬಟ್ಟೆಯ ಚೀಲ ಹಿಡಿದು ನಾನು ನಿಂತಿದ್ದೆ.

"ತಮಿಳ್ ತಾನುಂಗ" ಅಂದ ಅಪ್ಪ. ತಮಿಳೇ ರೀ, ಅಂತ.

"ಹಾಗಾದ್ರೆ ಅದೊಂದರಲ್ಲೇ ಮಾತಾಡಿಸಿ. ಬೇರೆ ಭಾಷೆ ಬೆರೆಸಬೇಡಿ, ಗೊಂದಲ ಆಗುತ್ತೆ. ಚಿಕ್ಕ ಮಗೂಗೆ ಕಲಿಸೋ ಹಾಗೆ ಮೊದಲಿಂದ ಕಲಿಸಿ. ಮೊದಲ ಕೆಲವು ತಿಂಗಳೇ ಮುಖ್ಯ. ಆಗ ಬಂದಷ್ಟು ಬಂತು" ಅಂದರು ಡಾಕ್ಟರಮ್ಮ. ಅಪ್ಪ ಕೈಮುಗಿದ.

ಬಾಡಿಗೆ ವ್ಯಾನಿನಲ್ಲಿ ಉಕ್ಕಡಂನ ಮೀನು ಮಾರ್ಕೆಟ್ಟು ದಾಟುವಾಗ ವಾಸನೆಗೆ ಅವ್ವ ಮುಖ ಆಚೆ ತಿರುಗಿಸಿದಳು. ವಾಸನೆ ತಿಳಿಯುತ್ತಿದೆ ನೋಡು, ಅಂದ ಅಪ್ಪ. ಹೇಳಿದ್ದು ತಮಿಳಿನಲ್ಲಿ. ಅವ್ವ ಅವನ ಮುಖ ನೋಡಿದಳು. ಅಪ್ಪ ಅವಳ ಹತ್ತಿರ ತಮಿಳು ಆಡಿದ್ದನ್ನು ನಾನು ಅದುವರೆಗೂ ಕೇಳಿರಲಿಲ್ಲ.

ಅಪ್ಪ ತಾನು ಸುಳ್ಳು ಹೇಳಿದೆ ಎಂದುಕೊಂಡಿರಲಿಲ್ಲ. ಎಲ್ಲ ಕಡೆ ಹೇಳುವುದನ್ನೇ ಅಲ್ಲೂ ಹೇಳಿದ್ದ. ಡಾಕ್ಟರ ಬಾಯಿಂದ ಬಂದ ಮೇಲೆ ಅದು ಮಾತ್ರೆಯ ಹಾಗೆ, ತಪ್ಪಿಸುವಂತಿರಲಿಲ್ಲ. ಇನ್ನೊಂದು, ಕಲಿಸುವುದು ಅಂದರೆ ನಮಗೆಲ್ಲ ತಮಿಳೇ. ಕನ್ನಡ ತಾನಾಗಿ ಬರುವಂಥದು. ಹಸಿವು ನಿದ್ದೆಯನ್ನು ಯಾರಾದರೂ ಕಲಿಸುತ್ತಾರಾ?

ಧಾರಾಪುರಂ ಕಡೆಗೆ ಕೊಟ್ಟಿದ್ದ ಅಪ್ಪನ ಅಕ್ಕ, ನಮ್ಮ ಪಾರ್ವತತ್ತೆ, ಮನೆ ನೋಡಿಕೊಳ್ಳಲು ಬಂದಳು. ಅಪ್ಪ ಹೊಲ ಬಿಡುವಂತಿಲ್ಲ, ಅತ್ತೆಗೆ ಅಡುಗೆ ಮತ್ತು ಎಮ್ಮೆ. ಅವ್ವನ ಹತ್ತಿರ ಕೂರಲು ಉಳಿದವಳು ನಾನು. ಶಾಲೆಗೆ ಹೋಗದಿದ್ದಾಗ ನಮ್ಮ ಜಯಂತಿ ಟೀಚರ್ ಸೈಕಲ್ಲಿನಲ್ಲಿ ಮನೆಗೇ ಬಂದರು. ಅವರು ತಮಿಳಿನವರು, ಒಳ್ಳೆಯವರು. ಎಲ್ಲ ಕೇಳಿದ ಮೇಲೆ ಮಾರನೆಯ ದಿನ ಒಂದು ಚೀಲ ತುಂಬ ಕಾರ್ಡು ತಂದುಕೊಟ್ಟರು. ನಾಲ್ಕನೇ ತರಗತಿಯದು ನನಗೆ, ಒಂದನೇ ತರಗತಿಯದು ಅವ್ವನಿಗೆ. "ನೀನೂ ಕಲಿ, ಅಮ್ಮನಿಗೂ ಕಲಿಸು" ಅಂದರು.

"ಮನೆಯೊಳಗೇ ಟೀಚರಮ್ಮ ಇದಾಳೆ, ನಮಗೇನು ಯೋಚನೆ" ಅಂದಳು ಅತ್ತೆ, ನನ್ನ ಕೆನ್ನೆ ಹಿಂಡುತ್ತ. ಅಂದದ್ದು ಕನ್ನಡದಲ್ಲಿ. ಅಪ್ಪ ತುಟಿಯ ಮೇಲೆ ಬೆರಳಿಟ್ಟು ಒಳಗೆ ತೋರಿಸಿದ.

ಅವತ್ತಿನಿಂದ ನಮ್ಮ ಮನೆಯಲ್ಲಿ ನಾವೇ ನೆಂಟರಾದೆವು. ನೀರು ಬೇಕಾ, ಊಟ ಆಯಿತಾ, ಬಾಗಿಲು ಹಾಕು, ಎಲ್ಲ ತಮಿಳಿನಲ್ಲಿ. ಬ್ಯಾಂಕಿನಲ್ಲಿ ಮಾತಾಡುವ ಹಾಗೆ ಮೆಲ್ಲಗೆ, ಯೋಚಿಸಿ. ಅತ್ತೆಗೆ ಅದು ಒಗ್ಗಲಿಲ್ಲ. ಕನ್ನಡ ಉಸಿರಾಡಬೇಕು ಅನ್ನಿಸಿದಾಗ ನನ್ನನ್ನು ಕೊಟ್ಟಿಗೆಗೆ ಎಳೆದುಕೊಂಡು ಹೋಗುತ್ತಿದ್ದಳು. "ಕೋಳಿಗೂ ತಮಿಳಲ್ಲೇ ಬಯ್ಬೇಕಂತೆ ನಿಮ್ಮಪ್ಪಂಗೆ. ಅದು ಓಡೋದಾದ್ರು ಹೆಂಗೆ" ಅನ್ನುತ್ತಿದ್ದಳು. ಅಲ್ಲಿ ಹುಲ್ಲಿನ ಪಕ್ಕ ನಾವಿಬ್ಬರೂ ಪಿಸುಪಿಸು ಮಾತಾಡಿ, ಬಾಯಿ ಒರೆಸಿಕೊಂಡು ಒಳಗೆ ಬರುತ್ತಿದ್ದೆವು. ಆ ಕನ್ನಡ ಯಾರಿಗೆ ಬೇಕಾಗಿತ್ತೋ ಅವಳಿಂದಲೇ ಅದನ್ನು ಬಚ್ಚಿಟ್ಟಿದ್ದೆವು. ಇದು ಈಗ ತಿಳಿಯುತ್ತದೆ.

ದಿನವೂ ಬಿಸಿಲು ಜಗಲಿಗೆ ಏರುವ ಮೊದಲೇ ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸುತ್ತಿದ್ದೆವು. ಅವಳ ಬಲಗೈಯನ್ನು ನಾನೇ ಎತ್ತಿ ಮಡಿಲಲ್ಲಿ ಇಡಬೇಕು. ತಣ್ಣಗಿರುತ್ತಿತ್ತು, ಭಾರವಾಗಿರುತ್ತಿತ್ತು. ಎದುರು ಕೂತು ಒಂದೊಂದೇ ಕಾರ್ಡು ಎತ್ತುತ್ತಿದ್ದೆ. ಬೆಕ್ಕಿನ ಚಿತ್ರಕ್ಕೆ ಪೂನೈ. ಮನೆಯ ಚಿತ್ರಕ್ಕೆ ವೀಡು. ಎಲೆಗೆ ಇಲೈ. "ಎಲ್ಲಿ, ಹೇಳಿ" ಎಂದು ಟೀಚರ್ ಹೇಳುವ ರಾಗದಲ್ಲೇ ತಮಿಳಿನಲ್ಲಿ ಹೇಳುತ್ತಿದ್ದೆ. ಅವ್ವ ಕಾರ್ಡು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಯಾರ ಮಗುವೋ ಇದು, ಎಲ್ಲೋ ನೋಡಿದ್ದೇನೆ ಅನ್ನುವ ಹಾಗೆ. ಕೆಲವು ಸಲ ಬಾಯಿ ತೆರೆದು ಗಾಳಿ ಬಿಟ್ಟು ಮುಚ್ಚುತ್ತಿದ್ದಳು.

ನನಗೆ ಬೇಕಾಗಿದ್ದದ್ದು ಒಂದೇ, ಅವಳು ನನ್ನನ್ನು ಹೆಸರು ಹಿಡಿದು ಕರೆಯಬೇಕು. ಪೂನೈ, ವೀಡು ಎಲ್ಲ ಅದಕ್ಕೆ ದಾರಿ ಅಂದುಕೊಂಡಿದ್ದೆ. ಇಷ್ಟು ಕಾರ್ಡು ಮುಗಿದರೆ ನನ್ನ ಸರದಿ ಬರುತ್ತದೆ ಅಂತ.

ಹೊಲದಿಂದ ಬಂದ ಅಪ್ಪ ಕಾಲಿಗೆ ನೀರು ಹಾಕಿಕೊಳ್ಳುವ ಮೊದಲು ಕೇಳುತ್ತಿದ್ದ, "ಏದಾವದು ಪೇಸಿನಾಳಾ?" ಏನಾದರೂ ಮಾತಾಡಿದಳಾ, ಅಂತ. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಬರಬರುತ್ತ ಕೇಳುವುದನ್ನೂ ಬಿಟ್ಟ, ನನ್ನ ಮುಖ ನೋಡಿ ಕೈಕಾಲು ತೊಳೆಯಲು ಹೋಗುತ್ತಿದ್ದ. ನನಗೆ ಅಳು ಬರುತ್ತಿರಲಿಲ್ಲ. ಹಸಿವು ಆಗುತ್ತಿತ್ತು, ಉಣ್ಣುತ್ತಿದ್ದೆ. ಅತ್ತೆ ಬಿಸಿ ಅನ್ನಕ್ಕೆ ಹುರುಳಿ ಕಡೆದು ಹಾಕಿ ಮೇಲೆ ಎಣ್ಣೆ ಬಿಡುತ್ತಿದ್ದಳು, ಅದರ ರುಚಿಯೂ ತಿಳಿಯುತ್ತಿತ್ತು. ಬೇರೇನೂ ತಿಳಿಯುತ್ತಿರಲಿಲ್ಲ. ಅವ್ವನ ಬಲಗೈಯ ಹಾಗೇ ನಾನೂ ಆಗಿದ್ದೆ.

ತಕ್ಕಾಳಿ ಮುಗಿದು ಹೊಲ ಖಾಲಿಯಾಗಿತ್ತು. ಒಂದು ಮಧ್ಯಾಹ್ನ ಅತ್ತೆ ಒಳಗೆ ಮಲಗಿದ್ದಳು. ನಾನು ನನ್ನ ಪಾಲಿನ ಗಣಿತದ ಕಾರ್ಡು ತೆಗೆದೆ. ಒಂದು ಪಡಿಗೆ ಎಷ್ಟು ಲೋಟ ಕಾಳು ಹಿಡಿಯುತ್ತದೆ, ಅಳೆದು ನೋಡು. ಡಬ್ಬದಿಂದ ಹುರುಳಿ ತಂದು ಅವ್ವನ ಎದುರೇ ಕೂತೆ. ಲೋಟ ತುಂಬಿ ಪಡಿಗೆ ಸುರಿದು "ಒಣ್ಣು" ಅಂದೆ, ತಮಿಳಿನ ಒಂದು.

ಅವ್ವನ ಎಡಗೈ ಚಾಚಿ ಬಂತು. ನನ್ನ ಮಣಿಕಟ್ಟಿನ ಮೇಲೆ ಪಟ್ಟೆಂದು ಹೊಡೆಯಿತು.

"ಲಾಬ" ಅಂದಳು.

ನಮ್ಮಲ್ಲಿ ಧಾನ್ಯ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನಬಾರದು. ಲಾಭ ಅನ್ನಬೇಕು, ಆಮೇಲೆ ಎರಡು ಮೂರು. ಒಂದು ಅಂದರೆ ಮನೆಗೆ ದರಿದ್ರ ಅಂತ ಅವ್ವ ಬಯ್ಯುತ್ತಿದ್ದಳು. ನಾನು ಉಸಿರು ಹಿಡಿದು ಇನ್ನೊಂದು ಲೋಟ ಸುರಿದೆ. ಬೇಕೆಂದೇ "ರೆಂಡು" ಅಂದೆ.

"ಎಲ್ಡು" ಅಂದಳು ಅವ್ವ, ಹುಬ್ಬು ಗಂಟಿಕ್ಕಿ. ಮೂರನೆಯದಕ್ಕೆ ನಾನು ಬಾಯಿ ತೆರೆಯಲಿಲ್ಲ. "ಮೂರು" ಅಂದಳು. ಪಡಿ ತುಂಬಿ ಕಾಳು ನೆಲಕ್ಕೆ ಚೆಲ್ಲುವವರೆಗೆ ಎಣಿಸಿದಳು. ನಡುವೆ ಒಂದೆರಡು ತಪ್ಪಿತು. ನಾನು ತಿದ್ದಲಿಲ್ಲ.

ಅತ್ತೆ ಎದ್ದು ಬಂದು ನಿಂತವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಂಜೆ ಅಪ್ಪನಿಗೆ ಅವಳೇ ಹೇಳಿದಳು, ಕನ್ನಡದಲ್ಲಿ, ಜೋರಾಗಿ. "ನೀನು ಆಸ್ಪತ್ರೇಲಿ ಏನು ಹೇಳ್ಬಂದೆ? ಇವಳು ಕನ್ನಡದವಳು ಅಂತ ಹೇಳಿದ್ಯಾ?"

ಅಪ್ಪ ತಕ್ಕಾಳಿ ಪೆಟ್ಟಿಗೆಯೊಂದನ್ನು ಕವುಚಿ ಅದರ ಮೇಲೆ ಕೂತ. "ಎಲ್ಲಾ ಕಡೆ ಹೇಳೋದೇ ಹೇಳ್ದೆ ಅಕ್ಕ" ಅಂದ. ಆಮೇಲೆ ಜಗಲಿಗೆ ಹೋಗಿ ಅವ್ವನ ಮುಂದೆ ಮೊಣಕಾಲೂರಿ, "ಉಂಡ್ಯಾ?" ಅಂತ ಕೇಳಿದ. ಅವ್ವನ ಕಣ್ಣಲ್ಲಿ ನೀರು ಇಳಿಯಿತು. ಅಪ್ಪನೂ ಅತ್ತ. ನಾನು ಚೆಲ್ಲಿದ ಹುರುಳಿ ಆಯುತ್ತಿದ್ದೆ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅಪ್ಪ ನಿಜ ಹೇಳಿದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಡಾಕ್ಟರಮ್ಮ ಬಯ್ಯಲೂ ಇಲ್ಲ. ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ, "ಇನ್ನಾದರೂ ಮಾತಾಡಿಸಿ, ನೋಡೋಣ" ಅಂದರು. ಮುಖ್ಯವಾದ ತಿಂಗಳುಗಳು ಆಗಲೇ ಮುಗಿದಿದ್ದವು.

ಬಂದಷ್ಟು ಬಂತು. ನೀರು, ಅನ್ನ, ಬಾ, ಹೋಗು, ಬಿಸಿಲು, ಸಾಕು. ವರ್ಷಗಳು ಕಳೆದ ಹಾಗೆ ಸಣ್ಣ ಸಣ್ಣ ವಾಕ್ಯ. ರಂಗಿ ಅನ್ನುವುದು ಮಾತ್ರ ಬರಲೇ ಇಲ್ಲ. ನನ್ನನ್ನು ನೋಡಿ ನಾಲಿಗೆ ಹೊರಳಿಸಿ, ಸಿಗದೆ, "ಅದೇ... ಅದೇ" ಅನ್ನುತ್ತಿದ್ದಳು. ನಾನು ಓಗೊಡುತ್ತಿದ್ದೆ. ತಮಿಳಂತೂ ಪೂರ್ತಿ ಹೋಯಿತು. ಮಾರ್ಕೆಟ್ಟನ್ನೇ ನಡುಗಿಸಿದವಳಿಗೆ ಬಾಗಿಲಿಗೆ ಬಂದ ಹಾಲಿನವನು ಏನು ಕೇಳುತ್ತಾನೆ ಎಂದೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಹೋದದ್ದು ನಮಗೆ ಆಗ ಗೊತ್ತೇ ಆಗಲಿಲ್ಲ. ಆ ತಿಂಗಳುಗಳಲ್ಲಿ ನನ್ನ ಮತ್ತು ಅಪ್ಪನ ನಡುವೆ ಹತ್ತಿದ ತಮಿಳು ಮತ್ತೆ ಇಳಿಯಲಿಲ್ಲ. ಅತ್ತೆ ಅವಳ ಊರಿಗೆ ಹೋದಳು. ಅಪ್ಪ ನಾನು ತಮಿಳಿನಲ್ಲೇ ಮಾತಾಡಿಕೊಂಡೆವು, ಕನ್ನಡ ಅವ್ವನಿಗೆ ಮಾತ್ರ ಉಳಿಯಿತು, ಕಷಾಯದ ಹಾಗೆ. ಮದುವೆಯಾಗಿ ತಿರುಪ್ಪೂರಿಗೆ ಬಂದೆ. ಗಂಡ ನಮ್ಮವರೇ ಆದರೂ ಅವರ ಮನೆಯಲ್ಲಿ ಕನ್ನಡ ಅಜ್ಜಿಯ ಕಾಲಕ್ಕೇ ನಿಂತಿತ್ತು. ಮಗಳಿಗೆ ನಾನು ಕಲಿಸಲಿಲ್ಲ. ಈಗ ಅವ್ವ ಹೋಗಿ ವರ್ಷವಾಗುತ್ತ ಬಂತು. ಕನ್ನಡ ಓದಲು ಬರುತ್ತದೆ, ಬರೆಯಲು ಬರುತ್ತದೆ, ಮಾತಾಡಲು ಮನೆಯಲ್ಲಿ ಯಾರೂ ಇಲ್ಲ. ಹಾಸನದ ಹುಡುಗಿಯೂ ಕೆಲಸ ಬಿಟ್ಟು ಹೋದಳು.

ಅವ್ವ ಹೋಗುವ ಸ್ವಲ್ಪ ಮೊದಲು, ರಜೆಯಲ್ಲಿ ಊರಿಗೆ ಹೋಗಿದ್ದೆವು. ಮಗಳು ಒಂದನೇ ತರಗತಿ. ಈಗ ಮನೆಯ ಕೆಲಸವೆಲ್ಲ ಶಾಲೆಯಿಂದ ಫೋನಿಗೇ ಬರುತ್ತದೆ. ಪಾಟಿಯ, ಅಂದರೆ ಅಜ್ಜಿಯ, ಹತ್ತಿರ ಒಂದು ಕಥೆ ಕೇಳಿ, ಅದನ್ನು ನಿಮ್ಮ ಮಾತಿನಲ್ಲಿ ಹೇಳಿ ಕಳಿಸಿ. ಮಗಳು ಜಗಲಿಯಲ್ಲಿ ಅವ್ವನ ಮುಂದೆ ಕೂತು "ಕದೈ, ಕದೈ" ಅಂದಳು. ನಾನು ಅಡುಗೆಮನೆಯಿಂದ, "ಅವ್ವ, ಅವಳಿಗೆ ಕಥೆ ಬೇಕಂತೆ" ಅಂದೆ.

ಅವ್ವ ಶುರುಮಾಡಿದಳು. ಒಂದು ನವಿಲು. ಹೊಲಕ್ಕೆ ಬಂತು. ತಕ್ಕಾಳಿ ತಿಂತು. ಕೊಕ್ಕು ಕೆಂಪು. ನಾನಲ್ಲ ಅಂತು. ಕೊಕ್ಕು ಕೆಂಪು. ಎಡಗೈಯನ್ನು ನವಿಲಿನ ಕತ್ತು ಮಾಡಿ ಕುಣಿಸುತ್ತ, ತಡೆದು ತಡೆದು, ಕೊನೆಯವರೆಗೂ ಹೇಳಿದಳು. ಅಷ್ಟು ಮಾತು ಒಟ್ಟಿಗೆ ಅವಳ ಬಾಯಿಂದ ಬಂದದ್ದು ಕೊಟ್ಟಿಗೆಯಲ್ಲಿ ಬಿದ್ದ ಮೇಲೆ ಅದೇ ಮೊದಲು. ನಾನು ಒಲೆ ಆರಿಸಿ ಸೌಟು ಹಿಡಿದು ನಿಂತೇ ಇದ್ದೆ. ಹೊರಗೆ ಹೋದರೆ ಎಲ್ಲಿ ನಿಂತುಬಿಡುತ್ತದೋ ಅನ್ನುವ ಭಯ.

ಕಥೆ ಮುಗಿಯಿತು. ಮಗಳು ಫೋನು ಬಾಯಿಯ ಹತ್ತಿರ ಹಿಡಿದು, ತಮಿಳಿನಲ್ಲಿ, ಸ್ಪಷ್ಟವಾಗಿ ಹೇಳಿದಳು. "ಮಿಸ್, ನಮ್ಮ ಪಾಟಿಗೆ ಮಾತು ಬರಲ್ಲ. ಏನೇನೋ ಸದ್ದು ಮಾಡ್ತಾರೆ ಅಷ್ಟೆ. ಕಥೆ ನಾನು ಬೇರೆಯವರ ಹತ್ರ ಕೇಳಿ ಕಳಿಸ್ತೀನಿ."

ಅವ್ವನಿಗೆ ತಮಿಳು ತಿಳಿಯುತ್ತಿರಲಿಲ್ಲವಲ್ಲ. ಮೊಮ್ಮಗಳು ತನ್ನ ಕಥೆಯನ್ನೇ ಟೀಚರಿಗೆ ಹೇಳುತ್ತಿದ್ದಾಳೆ ಅಂದುಕೊಂಡು, ಹೌದು ಹೌದು ಎಂದು ತಲೆಯಾಡಿಸುತ್ತ ಕೂತಿದ್ದಳು.