ಕನ್ನಡದ ಸರ್ ರೈಬೋಸೋಮ್ ಆದದ್ದು

ಸಾರ್ಸ್ ಜ್ವರದ ಸುದ್ದಿ ದಿನಪತ್ರಿಕೆಗಳಲ್ಲಿ ಬರುತ್ತಿದ್ದ ವರ್ಷ ನಾನು ಜಮಖಂಡಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಆ ಜ್ವರ ತರುವ ಕೊರೊನಾ ವೈರಸ್ ನಮ್ಮ ಜೀವಕೋಶಕ್ಕೆ ಹೊಕ್ಕು, ಅಲ್ಲಿ ಪ್ರೋಟೀನು ತಯಾರಿಸುವ ರೈಬೋಸೋಮಿನ ಕೈಯಲ್ಲೇ ತನ್ನ ಪ್ರೋಟೀನು ಮಾಡಿಸಿಕೊಳ್ಳುತ್ತದೆ ಎಂದು ಎಷ್ಟು ಹೇಳಿದರೂ ಹುಡುಗರು ಆಕಳಿಸುತ್ತಿದ್ದರು. ಕಾಲೇಜಿನ ವಿಜ್ಞಾನ ಮೇಳದಲ್ಲಿ ಆಡಿಯೇ ತೋರಿಸೋಣ ಅಂದುಕೊಂಡೆ.

ಎಂಟು ಹುಡುಗಿಯರು ಸಾಲಾಗಿ ನಿಂತು ಒಂದೊಂದು ಅಕ್ಷರದ ರಟ್ಟು ಹಿಡಿಯಬೇಕು: ಚಾ, ಲ, ಕ, ಮ, ಲ, ಗು, ಲಾ, ಬಿ. ಇದು ವೈರಸ್ಸಿನ ಆರ್‌ಎನ್‌ಎ, ಅಂದರೆ ಯಾವ ಪ್ರೋಟೀನು ಮಾಡಬೇಕೆಂದು ಬರೆದಿಟ್ಟ ಓಲೆ. ರೈಬೋಸೋಮ್ ಮೂರು ಮೂರು ಅಕ್ಷರ ಓದುತ್ತ ಸಾಗುತ್ತದೆ. ನೆಟ್ಟಗೆ ಓದಿದರೆ ‘ಚಾಲಕ, ಮಲಗು’. ಉಳಿಯುವುದು ಎರಡೇ ಅಕ್ಷರ, ಅಲ್ಲಿಗೆ ಮುಗಿಯಿತು, ಗಿಡ್ಡ ಪ್ರೋಟೀನು. ಆದರೆ ವೈರಸ್ ಒಂದು ಕಡೆ ಆರ್‌ಎನ್‌ಎಯನ್ನು ಗಂಟು ಹಾಕಿಟ್ಟಿರುತ್ತದೆ. ಅಲ್ಲಿ ರೈಬೋಸೋಮ್ ಎಡವಿ, ಆಗಾಗ ಒಂದಕ್ಷರ ಹಿಂದೆ ಜಾರುತ್ತದೆ. ಆಗ ‘ಚಾಲಕ, ಕಮಲ, ಗುಲಾಬಿ’ ಎಂದಾಗಿ ಬೇರೆಯೇ ಒಂದು ಉದ್ದನೆಯ ಪ್ರೋಟೀನು.

ರೈಬೋಸೋಮ್ ಆಗಲು ಒಪ್ಪಿದವರು ದಿನಾ ಮುಧೋಳದಿಂದ ಬಸ್ಸಿಗೆ ಬರುತ್ತಿದ್ದ ಕನ್ನಡದ ಹಿರಿಯ ಸರ್. ತಾಲೀಮಿನಲ್ಲಿ ಜಾರಲು ಮಾತ್ರ ಸುತರಾಂ ಒಪ್ಪಲಿಲ್ಲ.

“ನಾ ಯಾಕ ಹಿಂದ ಸರೀಲಿ? ನನಗ ಓದಾಕ ಬರ್ತೈತಿ.”

“ಸರ್, ವೈರಸ್ ಜಾರಸ್ತೈತ್ರಿ.”

“ಅದರ ಮಾತು ನಾ ಯಾಕ ಕೇಳ್ಲಿ? ಕನ್ನಡಾ ಕಲಿಸಾಂವ ಹುಡುಗೂರ ಮುಂದ ತಪ್ಪು ಓದಿದ್ರ ಛಲೋ ಕಾಣ್ತೈತೇನ್ರಿ ಮೇಡಂ?”

ಕೈಮುಗಿದು ತಾಲೀಮು ಮುಗಿಸಿದೆ.

ಮೇಳದ ದಿನ ಸಭಾಂಗಣ ತುಂಬಿತ್ತು. ರಟ್ಟುಗಳನ್ನು ಬನಹಟ್ಟಿಯ ಹುಡುಗಿಯೊಬ್ಬಳು ತನ್ನ ಮನೆಯ ಮಗ್ಗದ ಕೋಣೆಯಿಂದ ತಂದಿದ್ದಳು. ಅವುಗಳ ತುಂಬ ಹತ್ತಿಯ ಧೂಳು. ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು, ಮೈಕಿನಲ್ಲಿ ಗಂಭೀರವಾಗಿ “ಚಾಲಕ” ಎಂದರು. ಮುಂದೆ ಹೆಜ್ಜೆ ಇಟ್ಟರು. ಅಷ್ಟರಲ್ಲಿ ‘ಮ’ ಹಿಡಿದ ಹುಡುಗಿ ಆ ಧೂಳಿಗೆ ಅವರ ಮುಖಕ್ಕೇ ಭರ್ಜರಿಯಾಗಿ ಸೀನಿದಳು! ಸರ್ ಬೆಚ್ಚಿಬಿದ್ದು ಒಂದು ಹೆಜ್ಜೆ ಹಿಂದೆ ಜಿಗಿದರು. ಎದುರಿಗೆ ‘ಕ’ ಇತ್ತು. ಓದುವ ಚಟ ಬಿಡಲಿಲ್ಲ.

“ಕಮಲ... ಗುಲಾಬಿ!”

“ಇದ! ಹಿಂಗ ಆಗೂದು!” ಎಂದು ನಾನು ಕುಣಿದೇಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ. ಸರ್ ಮುಖ ಕೆಂಪಗಾಯಿತು.

“ತಡೀರಿ, ತಪ್ಪಾತು. ಮತ್ತೊಮ್ಮೆ ಓದ್ತೀನಿ” ಎಂದು ಮೊದಲ ರಟ್ಟಿನ ಮುಂದೆ ಹೋಗಿ ನಿಂತು, “ಚಾಲಕ, ಮಲಗು” ಎಂದು ತಪ್ಪಿಲ್ಲದೆ ಓದಿ ಕೆಳಗಿಳಿದರು. ಎರಡೂ ಪ್ರೋಟೀನು ತಯಾರಾದಂತಾಯಿತು. ಜೀವಕೋಶದಲ್ಲೂ ಹಾಗೇ ಆಗುವುದು ಎಂದು ಹೇಳಿದೆ, ಆದರೆ ಆ ಗದ್ದಲದಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.

ಪರೀಕ್ಷೆಯಲ್ಲಿ ರೈಬೋಸೋಮ್ ಜಾರಿದರೆ ಏನಾಗುತ್ತದೆ ಎಂಬ ಪ್ರಶ್ನೆ ಕೊಟ್ಟೆ. ಒಬ್ಬ ಬರೆದಿದ್ದ: “ರೈಬೋಸೋಮಿಗೆ ನೆಗಡಿಯಾದಾಗ ಕಮಲ, ಗುಲಾಬಿ ಎಂಬ ಪ್ರೋಟೀನುಗಳು ಉತ್ಪತ್ತಿಯಾಗುತ್ತವೆ.” ಅಂಕ ಕಡಿಯಲು ನನಗೆ ಮನಸ್ಸೇ ಬರಲಿಲ್ಲ.